ಕಪ್ಪು ವೈರು

ಹಳೇ ಸ್ಪ್ಲೆಂಡರ್‌ನಲ್ಲಿ ರಾತ್ರಿ ಹೊತ್ತು ದೇವಿಮನೆ ಘಟ್ಟ ಇಳಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ತಿರುವು ಬಂತೆಂದು ಆಕ್ಸಿಲೇಟರ್ ಬಿಟ್ಟರೆ ಹೆಡ್‌ಲೈಟೂ ನಮ್ಮನ್ನು ಬಿಟ್ಟುಬಿಡುತ್ತದೆ. ಎಲ್ಲಿ ಬೆಳಕು ಬೇಕೋ ಸರಿಯಾಗಿ ಅಲ್ಲೇ ದೀಪ ಕೆಂಪಗಾಗಿ, ಎಣ್ಣೆ ಮುಗಿದ ಹಣತೆಯ ಹಾಗೆ ಕೂರುತ್ತದೆ. ಆಗ ಬ್ರೇಕನ್ನೂ ಕ್ಲಚ್ಚನ್ನೂ ಒಟ್ಟಿಗೇ ಹಿಡಿದು ಒಮ್ಮೆ ರೊಂಯ್ ಎಂದು ರೇಸ್ ಮಾಡಬೇಕು. ಆ ಅರೆಗಳಿಗೆಯ ಬೆಳಕಿನಲ್ಲಿ ರಸ್ತೆ ಎಡಕ್ಕೋ ಬಲಕ್ಕೋ ನೋಡಿಟ್ಟುಕೊಂಡು, ಉಳಿದದ್ದನ್ನು ಅಂದಾಜಿನ ಮೇಲೆ ಇಳಿಯಬೇಕು. ಕತಗಾಲದ ಹತ್ತಿರ ಇರುವ ಅತ್ತೆಯ ಮನೆಗೆ ಅಪ್ಪ ಹೀಗೇ ಎಷ್ಟೋ ವರ್ಷ ಹೋಗಿ ಬಂದರು. ಟ್ಯಾಂಕಿನ ಮೇಲೆ ನಾನು.

ಆ ಗಾಡಿಗಳಲ್ಲಿ ಹೆಡ್‌ಲೈಟಿಗೆ ಬ್ಯಾಟರಿಯ ಸಂಬಂಧವೇ ಇರಲಿಲ್ಲ. ಎಂಜಿನ್ ತಿರುಗಿದರೆ ಮ್ಯಾಗ್ನೆಟ್ ತಿರುಗುತ್ತದೆ, ಅದರ ಒಳಗಿನ ಕಾಯಿಲ್‌ನಲ್ಲಿ ಹುಟ್ಟಿದ ಕರೆಂಟು ನೇರ ಬಲ್ಬಿಗೆ. ಹಾರನ್, ಇಂಡಿಕೇಟರಿನಂಥವು ಮಾತ್ರ ಬ್ಯಾಟರಿಯ ಪಾಲು. ಎಂಜಿನ್ ನಿಧಾನವಾದರೆ ಬೆಳಕೂ ನಿಧಾನ. ಈಗಿನ ಗಾಡಿಗಳದ್ದು ಬೇರೆ ಕತೆ. 2017ರ ಏಪ್ರಿಲ್ 1ರಿಂದ ಹೊಸ ಬೈಕುಗಳ ಹೆಡ್‌ಲೈಟು ಎಂಜಿನ್ ಶುರುವಾದೊಡನೆ ತಾನೇ ಹತ್ತಿಕೊಳ್ಳಬೇಕು ಎಂಬ ನಿಯಮ ಬಂತು. ಆರಿಸಲು ಸ್ವಿಚ್ಚೇ ಇಲ್ಲ. ಮೊದಲ ಸಲ ಇಂಥ ಗಾಡಿ ತಗೊಂಡು ಊರಿಗೆ ಹೋದಾಗ ಅಮ್ಮಿನಳ್ಳಿಯಿಂದ ಮನೆಯವರೆಗೆ ಎದುರಿಗೆ ಸಿಕ್ಕವರೆಲ್ಲ ಕೈ ಮುಚ್ಚಿ ಬಿಚ್ಚಿ "ಲೈಟು, ಲೈಟು" ಎಂದು ಸನ್ನೆ ಮಾಡಿದ್ದರು.

ನನ್ನ ಕೆಲಸ ಕಾರವಾರದಲ್ಲಿ, ಬ್ಯಾಂಕಿನಲ್ಲಿ. ಬಾಡಿಗೆ ಮನೆ ಕೋಡಿಬಾಗದ ಕಡೆ. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಹಾಗಾಗಿ ಹಿಂದಿನ ಶುಕ್ರವಾರ ಸಂಜೆ ಶಿರಸಿಗೆ ಹೊರಡುವುದು ರೂಢಿ. ಅಂಕೋಲಾ, ಕುಮಟಾ ದಾಟಿ ಘಟ್ಟದ ಬುಡ ಮುಟ್ಟುವಾಗ ಕತ್ತಲೆ ಆಗಿರುತ್ತದೆ. ಜುಲೈ ತಿಂಗಳಾದರೆ ಮಳೆ, ಮೇಲೆ ಹೋದಂತೆ ಮಂಜು. ಮಂಜಿನಲ್ಲಿ ಹೈಬೀಮ್ ಹಾಕುವುದೆಂದರೆ ಬಿಳಿ ಗೋಡೆಗೆ ಟಾರ್ಚ್ ಬಿಟ್ಟ ಹಾಗೆ. ಬೆಳಕು ಎದುರಿನ ಹನಿಗಳಿಗೆ ಹೊಡೆದು ವಾಪಸ್ ನಮ್ಮ ಕಣ್ಣಿಗೇ ಬರುತ್ತದೆ. ದೀಪ ಕೆಳಗಿರಬೇಕು, ನೆಲ ನೋಡುತ್ತಿರಬೇಕು. ಹಳದಿ ಗಾಜು ಹಾಕಿದರೆ ಮಂಜನ್ನು ಸೀಳುತ್ತದೆ ಎಂದು ಅಂಗಡಿಯವರು ಹೇಳುವುದನ್ನು ನಾನು ನಂಬುವುದಿಲ್ಲ. ಮಂಜಿನ ಹನಿ ದೊಡ್ಡದು, ಅದಕ್ಕೆ ಹಳದಿ, ಬಿಳಿ ಎಂಬ ಭೇದ ಇಲ್ಲ. ಕಣ್ಣಿಗೆ ಹಿತ ಎನಿಸಬಹುದು, ಅಷ್ಟೆ.

ಹೀಗೆ ಒಂದು ಜೊತೆ ಫಾಗ್ ಲೈಟು ಬಂದವು. 35 ವ್ಯಾಟಿನ ಎರಡು ಹ್ಯಾಲೋಜನ್. ಎಲ್‌ಇಡಿ ಹಾಕು ಎಂದವರು ಬಹಳ ಜನ. ಕರೆಂಟೂ ಕಡಿಮೆ ಎಳೆಯುತ್ತದೆ, ನಿಜ. ಆದರೆ ನಾನು ನೋಡಿದ ಅಗ್ಗದ ಎಲ್‌ಇಡಿಗಳಿಗೆ ಬೆಳಕು ಇಂತಲ್ಲೇ ಬೀಳಬೇಕೆಂಬ ಶಿಸ್ತು ಇರಲಿಲ್ಲ. ಎದುರಿನವನ ಕಣ್ಣು ಕುಕ್ಕಿ ಅವನು ನನ್ನ ಮೇಲೇ ಬಂದರೆ ಆ ಬೆಳಕು ಯಾರಿಗೆ ಬೇಕು?

ವೈರಿಂಗ್ ನಾನೇ ಮಾಡಿದೆ. ಒಂದು ಭಾನುವಾರ ಬೆಳಿಗ್ಗೆ ಕೂತವನು ಏಳುವಾಗ ಮಧ್ಯಾಹ್ನ ಮೂರು. ಲೆಕ್ಕ ಸರಳ: ಎರಡು ದೀಪಕ್ಕೆ 70 ವ್ಯಾಟು, 12 ವೋಲ್ಟಿನಿಂದ ಭಾಗಿಸಿದರೆ ಹತ್ತಿರಹತ್ತಿರ 6 ಆಂಪಿಯರು. ಅಷ್ಟನ್ನು ಹ್ಯಾಂಡಲ್ ಮೇಲಿನ ಸಣ್ಣ ಸ್ವಿಚ್ಚಿನ ಮೂಲಕ ಹರಿಸಿದರೆ ಸ್ವಿಚ್ಚು ಬೆಂದೇ ಹೋಗುತ್ತದೆ. ಅದಕ್ಕೇ ರಿಲೇ. ರಿಲೇ ಅಂದರೆ ಇನ್ನೇನಲ್ಲ, ದೊಡ್ಡ ಕೆಲಸಕ್ಕೆ ಸಣ್ಣವನ ಕೈಲಿ ಸನ್ನೆ ಮಾಡಿಸುವುದು. ತಳದಲ್ಲಿ 30, 87, 85, 86 ಎಂದು ನಂಬರು ಕೊಟ್ಟ ನಾಲ್ಕು ಕಾಲು. 30ಕ್ಕೆ ಬ್ಯಾಟರಿಯಿಂದ ದಪ್ಪ ವೈರು, 87ರಿಂದ ದೀಪಕ್ಕೆ. 85, 86ರ ನಡುವೆ ಒಳಗೊಂದು ಕಾಯಿಲ್. ಸ್ವಿಚ್ಚು ಒತ್ತಿದರೆ ಆ ಕಾಯಿಲಿಗೆ ತೀರಾ ಸ್ವಲ್ಪ ಕರೆಂಟು ಹೋಗಿ ಅದು ಅಯಸ್ಕಾಂತವಾಗುತ್ತದೆ, ಟಕ್ ಎಂದು 30ನ್ನೂ 87ನ್ನೂ ಸೇರಿಸುತ್ತದೆ. ಆ 'ಟಕ್' ಕಿವಿಗೆ ಬಿದ್ದಾಗ ಆಗುವ ಸಂತೋಷ ಮಾಡಿದವರಿಗೇ ಗೊತ್ತು. ಬ್ಯಾಟರಿಯ ಪಕ್ಕದಲ್ಲೇ 10 ಆಂಪಿಯರಿನ ಕೆಂಪು ಫ್ಯೂಸು ಕೂರಿಸಿದೆ. ಪಕ್ಕದಲ್ಲೇ ಯಾಕೆ? ಫ್ಯೂಸು ಕಾಯುವುದು ದೀಪವನ್ನಲ್ಲ, ವೈರನ್ನು. ಫ್ಯೂಸಿಗಿಂತ ಮೊದಲು ಇರುವ ವೈರು ಎಲ್ಲಾದರೂ ಗಾಡಿಯ ಕಬ್ಬಿಣದ ಮೈಗೆ ತಾಗಿದರೆ ಅದನ್ನು ಕಾಯುವವರು ಯಾರೂ ಇಲ್ಲ.

ಎಲ್ಲ ಪ್ಲಸ್ ಕಡೆಯ ಕೆಲಸವನ್ನು ಇಷ್ಟು ಚಂದ ಮಾಡಿದೆನಲ್ಲ, ಮೈನಸ್ ಕಡೆಗೆ ಬಂದಾಗ ಮೂರು ಗಂಟೆಯಾಗಿತ್ತು, ಹೊಟ್ಟೆ ಹಸಿದಿತ್ತು. ಎರಡೂ ದೀಪದ ಕಪ್ಪು ವೈರು ಸೇರಿಸಿ, ತುದಿಗೆ ಲಗ್ಗು ಎನ್ನುವ ತಾಮ್ರದ ಬಳೆ ಒತ್ತಿ, ಲೆಗ್ ಗಾರ್ಡಿನ ಬೋಲ್ಟಿಗೆ ಬಿಗಿದು, ಊಟಕ್ಕೆ ಎದ್ದೆ. ಗಾಡಿಯ ಬಾಡಿಯೇ ಬ್ಯಾಟರಿಯ ಮೈನಸ್ಸಿಗೆ ಸೇರಿರುತ್ತದೆ, ಅರ್ಥ್ ಎನ್ನುವುದು ಅದಕ್ಕೇ.

ಮೊದಲ ಮಳೆಗಾಲ ರಾಜವೈಭವ. ಊರಿನ ದಾರಿಯಲ್ಲಿ ನಾನು ಇಳಿದು ಬರುವುದನ್ನು ಜಗುಲಿಯಲ್ಲಿ ಕೂತು ನೋಡಿದ ಅಪ್ಪ, "ಎಂತದೋ ತಮಾ ಇದು? ಲಾರಿ ಬಂದಾಂಗೆ ಆತು" ಎಂದಿದ್ದರು. ಅವರು ಸೂಡಿ ಹಚ್ಚಿಕೊಂಡು ತೋಟದ ಸಂಕ ದಾಟಿದ ಕಾಲದವರು. ಗಾಡಿಗೆ ಮೂರು ಲೈಟು ಯಾಕೆ ಎಂಬುದು ಅವರಿಗೆ ಕೊನೆಗೂ ಅರ್ಥವಾದಂತಿಲ್ಲ.

ಎರಡನೇ ಮಳೆಗಾಲಕ್ಕೆ ಬೆಳಕು ಇಳಿಯಿತು. ಒಂದೇ ದಿನ ಅಲ್ಲ, ವಾರದಿಂದ ವಾರಕ್ಕೆ. ಅನುಮಾನ ಮೊದಲು ಬಲ್ಬಿನ ಮೇಲೆ. ಬದಲಾಯಿಸಿದೆ. ಎರಡು ದಿನ ಮನಸ್ಸಿಗೆ ಸಮಾಧಾನ, ಬೆಳಕು ಮಾತ್ರ ಅಷ್ಟೇ. ಆಮೇಲೆ ಬ್ಯಾಟರಿ ಮೇಲೆ. ಹೊಸ ಬ್ಯಾಟರಿ. ಆಮೇಲೆ ರಿಲೇ. ಆಮೇಲೆ ಒಬ್ಬರು ಹೇಳಿದರು, 55 ವ್ಯಾಟು ಹಾಕಿ, ಸರಿಯಾಗ್ತದೆ ಅಂತ. ಅದನ್ನೂ ಹಾಕಿದೆ, ಬೆಳಕು ಇನ್ನೂ ಕೆಂಪಾಯಿತು. ಇಲ್ಲಿಗೆ ನನಗೆ ಬುದ್ಧಿ ಬರಬೇಕಿತ್ತು. ಹೆಚ್ಚು ಎಳೆದಷ್ಟೂ ಕಡಿಮೆಯಾಗುತ್ತಿದೆ ಎಂದರೆ ದಾರಿಯಲ್ಲೆಲ್ಲೋ ಯಾರೋ ತಿನ್ನುತ್ತಿದ್ದಾರೆ ಎಂದೇ ಅರ್ಥ. ಬರಲಿಲ್ಲ. 55ನ್ನು ಬಿಚ್ಚಿ ಮತ್ತೆ 35 ಹಾಕಿ, ಮಂಜಿನಲ್ಲಿ ಬಸ್ಸಿನ ಹಿಂದಿನ ದೀಪ ಹಿಡಿದುಕೊಂಡು ರಾಗಿಹೊಸಳ್ಳಿಯವರೆಗೆ ಹೋದೆ.

ಕುಮಟೆಯಲ್ಲಿ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಎಲ್ಲರೂ ಮೇಸ್ತ್ರಿ ಅನ್ನುತ್ತಾರೆ. ಅಂಗಡಿ ಅಂದರೆ ತಗಡಿನ ಮಾಡು, ಒಂದು ಬೆಂಚು, ಸುತ್ತ ಲಾರಿಗಳ ಸ್ಟಾರ್ಟರ್ ಮೋಟಾರಿನ ರಾಶಿ. ಬೈಕು ಅವರ ಮಟ್ಟಕ್ಕೆ ಆಟಿಕೆ.

"ಎಂತ ಆಯ್ತ್ರಾ?"

ಹೇಳಿದೆ. ಬಲ್ಬು, ಬ್ಯಾಟರಿ, ರಿಲೇ, ಎಲ್ಲ ಪುರಾಣ. ಅವರು ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಪೂರ್ತಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ: "ಅರ್ಥ್ ಎಲ್ಲಿ ಕೊಟ್ಟಿದ್ರಿ?"

ಲೆಗ್ ಗಾರ್ಡ್ ತೋರಿಸಿದೆ. ಅವರು ನಗಲಿಲ್ಲ. ಗಾಡಿ ಸ್ಟಾರ್ಟ್ ಮಾಡಿಸಿ, ಲೈಟು ಹಾಕಿಸಿ, ಮೀಟರ್ ತೆಗೆದರು. ಬ್ಯಾಟರಿಯ ಎರಡು ತುದಿಗೆ ಹಿಡಿದರೆ 13.6. ದೀಪದ ಎರಡು ವೈರಿಗೆ ಹಿಡಿದರೆ 10.9. 2.7 ವೋಲ್ಟು ಎಲ್ಲಿ ಹೋಯಿತು? ಕೆಂಪು ಕಡ್ಡಿಯನ್ನು ದೀಪದ ಕಪ್ಪು ವೈರಿಗೆ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ ಇಟ್ಟರು. ಎರಡೂ ಮೈನಸ್ಸೇ, ಅಲ್ಲಿ ಸೊನ್ನೆ ಇರಬೇಕು. ಮೀಟರು 2.3 ತೋರಿಸಿತು.

"ಬೋಲ್ಟು ಮುಟ್ಟಿ ನೋಡಿ" ಎಂದರು. ಮುಟ್ಟಿ ಬೆರಳು ಬಾಯಿಗೆ ಹಾಕಿಕೊಂಡೆ. ಆಮೇಲೆ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ: 2.3 ವೋಲ್ಟು, ಸುಮಾರು ಐದೂವರೆ ಆಂಪಿಯರು, ಗುಣಿಸಿದರೆ 12 ವ್ಯಾಟಿಗೂ ಮೇಲೆ. ಅಂದರೆ ನನ್ನ ಲೆಗ್ ಗಾರ್ಡಿನ ಬೋಲ್ಟು ಇಷ್ಟು ದಿನ ಬೆಳಕಿಲ್ಲದ ಮೂರನೇ ದೀಪವಾಗಿ ಉರಿಯುತ್ತಿತ್ತು. ಹ್ಯಾಲೋಜನ್ ಬಲ್ಬಿನ ಗುಣ ಇನ್ನೊಂದಿದೆ. ವೋಲ್ಟು ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಳಕು ಕಡಿಮೆಯಾಗುವುದು ಹತ್ತರಲ್ಲಿ ಮೂರು ಪಾಲು. ನನ್ನ ದೀಪಕ್ಕೆ ಸಿಗುತ್ತಿದ್ದ ವೋಲ್ಟಿಗೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರಬೇಕು.

ಬೋಲ್ಟು ಬಿಚ್ಚಿದಾಗ ಲಗ್ಗಿನ ಅಂಚು ಪುಡಿಯಾಗಿ ಉದುರಿತು. ಹಿಂದೆ ಇದ್ದದ್ದು ತಾಮ್ರ ಎಂದು ಹೇಳಬೇಕು, ಹಸಿರು ಹಿಡಿದಿತ್ತು. ಮನೆಯ ಬಚ್ಚಲ ಹಂಡೆಯ ಕಂಠದಲ್ಲಿ ಕೂರುತ್ತದಲ್ಲ, ಅದೇ ಕಿಲುಬು. ಅದರ ಕೆಳಗೆ ಲೆಗ್ ಗಾರ್ಡಿನ ಕಪ್ಪು ಬಣ್ಣ ಇನ್ನೂ ಹಾಗೇ ಇತ್ತು. ನಾನು ಬಣ್ಣ ಕೆರೆದೇ ಇರಲಿಲ್ಲ! ಮೊದಲ ವರ್ಷ ಕರೆಂಟು ಹೋಗಿದ್ದು ಬೋಲ್ಟಿನ ಥ್ರೆಡ್ಡಿನ ಮೂಲಕ, ಅಂದರೆ ದಯೆಯ ಮೇಲೆ. ಆ ಥ್ರೆಡ್ಡಿಗೂ ತುಕ್ಕು ಹತ್ತಿದ ಮೇಲೆ ಆ ದಯೆಯೂ ಮುಗಿಯಿತು. ಕಾರವಾರದಲ್ಲಿ ಕಡಲಿಗೆ ಕೂಗಳತೆಯಲ್ಲಿ ನಿಲ್ಲುವ ಗಾಡಿ. ಗಾಳಿಯಲ್ಲೇ ಉಪ್ಪು. ತಾಮ್ರದ ಲಗ್ಗು, ಕಬ್ಬಿಣದ ಬೋಲ್ಟು, ನಡುವೆ ಉಪ್ಪುನೀರು ಎಂದರೆ ಅದೇ ಒಂದು ಸಣ್ಣ ಬ್ಯಾಟರಿಯಾಗಿ ಕಬ್ಬಿಣವನ್ನು ತಿನ್ನುತ್ತಾ ಕೂರುತ್ತದೆ. ಶಿರಸಿಯಲ್ಲೂ ಮಳೆಗೇನೂ ಕಡಿಮೆ ಇಲ್ಲ, ಆದರೆ ಅಲ್ಲಿನ ನೀರು ಸಿಹಿ. ಅಲ್ಲಿ ಹತ್ತು ವರ್ಷ ಬಾಳುವ ಜೋಡಣೆ ಇಲ್ಲಿ ಎರಡು ವರ್ಷಕ್ಕೆ ಕೈ ಎತ್ತುತ್ತದೆ.

ಮೇಸ್ತ್ರಿ ಕಪ್ಪು ವೈರನ್ನು ಅರ್ಧ ಇಂಚು ಕತ್ತರಿಸಿ ಸುಲಿದರು. ಒಳಗಿನ ಎಳೆಗಳು ಕಾಡಿಗೆ ಕಪ್ಪು. ಇನ್ನರ್ಧ ಇಂಚು ಕತ್ತರಿಸಿದರು, ಅದೂ ಕಪ್ಪು. ಪ್ಲಾಸ್ಟಿಕ್ಕಿನ ಹೊದಿಕೆಯೊಳಗೆ ನೀರು, ಬತ್ತಿಗೆ ಎಣ್ಣೆ ಏರುವ ಹಾಗೆ ಎಳೆ ಹಿಡಿದು ಏರಿರುತ್ತದೆ. ನಾಲ್ಕು ಇಂಚು ಹೋದ ಮೇಲೆ ಹೊಸ ಬಿಂದಿಗೆಯಂಥ ಕೆಂಪು ತಾಮ್ರ ಕಂಡಿತು. ಅದನ್ನೂ ಅವರು ಬಳಸಲಿಲ್ಲ. ಇಡೀ ವೈರು ಎಳೆದು ಎಸೆದು, ಒಂದೂವರೆ ಎಂಎಂನ ಹೊಸ ವೈರನ್ನು ದೀಪದಿಂದ ನೇರ ಬ್ಯಾಟರಿಯ ಮೈನಸ್ಸಿಗೇ ತಂದರು.

"ಬಾಡಿ ನಂಬ್ಬೇಡಿ. ಹೋಗುವ ವೈರು ಎಷ್ಟು ದಪ್ಪವೋ ಬರುವ ವೈರೂ ಅಷ್ಟೇ ದಪ್ಪ ಇರ್ಬೇಕ್ರಾ. ಎಲ್ಲರೂ ಹೋಗುವುದಕ್ಕೆ ಮಾತ್ರ ರಸ್ತೆ ಮಾಡ್ತಾರೆ."

ನಾನು ಬೆಸುಗೆ ಹಾಕುತ್ತಾರೇನೋ ಎಂದು ಸೋಲ್ಡರಿಂಗ್ ಐರನ್ ಹುಡುಕುತ್ತಿದ್ದೆ. ಬೇಡ ಎಂದರು. ಬೆಸುಗೆ ಹಾಕಿದಲ್ಲಿ ವೈರು ಕಡ್ಡಿಯಾಗುತ್ತದೆ, ಆ ಕಡ್ಡಿ ಮುಗಿಯುವ ಅಂಚಿನಲ್ಲಿ ಗಾಡಿಯ ನಡುಕಕ್ಕೆ ಎಳೆ ಒಂದೊಂದೇ ತುಂಡಾಗುತ್ತದೆ. ಒಳ್ಳೇ ಇಕ್ಕಳದಿಂದ ಲಗ್ಗು ಒತ್ತಿ, ಮೇಲೆ ಶ್ರಿಂಕ್ ಸ್ಲೀವ್ ಹಾಕಿ ಲೈಟರಿನಿಂದ ಬಿಸಿ ಮಾಡಿದರು. ಅದು ಮುದುಡಿ ವೈರನ್ನು ಅಪ್ಪಿಕೊಂಡಿತು. ಬ್ಯಾಟರಿ ತುದಿಗೆ ವ್ಯಾಸಲೀನ್. ಮೀಟರಿಟ್ಟರೆ ದೀಪದ ಹತ್ತಿರ 13.0. ಅವರು ಕಿವಿಯಿಂದ ಬೀಡಿ ತೆಗೆದು ಅದೇ ಲೈಟರಿನಿಂದ ಹಚ್ಚಿಕೊಂಡರು.

ಅಮ್ಮನಿಗೆ ಈ ಕತೆ ಹೇಳಿದಾಗ, ಅಷ್ಟಕ್ಕೆಲ್ಲ ಯಾಕೆ, ವಾಟೆಹುಳಿ ಹಚ್ಚಿ ತಿಕ್ಕಿದ್ದರೆ ಹೋಗುತ್ತಿತ್ತಲ್ಲ ಎಂದಳು. ಹಂಡೆಗೆ ಸರಿ. ವೈರಿಗೆ ಹುಳಿ ಹಚ್ಚಿದರೆ ಎಳೆಗಳ ಸಂದಿಯಲ್ಲಿ ಅದು ಉಳಿದು, ಮುಂದಿನ ಕಿಲುಬಿಗೆ ತಾನೇ ಬೀಜವಾಗುತ್ತದೆ.

ನಮ್ಮ ಜಿಲ್ಲೆಗೆ ಕರೆಂಟಿನ ಬಡತನವೇನೂ ಇಲ್ಲ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಅದರ ಮೊದಲನೇ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಶರಾವತಿಗೆ ಗೇರುಸೊಪ್ಪೆಯಲ್ಲಿ ಕಟ್ಟಿದ್ದು 240 ಮೆಗಾವ್ಯಾಟು. ಆದರೂ ಮಳೆಗಾಲದಲ್ಲಿ ನಮ್ಮೂರ ಲೈನಿನ ಮೇಲೆ ಒಂದು ಮತ್ತಿಮರ ಬಿದ್ದರೆ ಮೂರು ದಿನ ಚಿಮಣಿ ಬುಡ್ಡಿಯೇ ಗತಿ. ಆ ಮೂರು ದಿನಗಳಲ್ಲಿ ನನಗೆ ಈಗ ನೆನಪಾಗುವುದು ಲೆಗ್ ಗಾರ್ಡಿನ ಬೋಲ್ಟು.

ಇದಕ್ಕಿಂತ ಮೊದಲೇ ಕಪ್ಪು ವೈರು ನನಗೊಮ್ಮೆ ಪಾಠ ಹೇಳಿತ್ತು, ಮರೆತಿದ್ದೆ. ಪಿಯುಸಿ ಮುಗಿದ ರಜೆ. ಮಾವನ ಯಮಹಾ ಆರ್‌ಎಕ್ಸ್ 100ಕ್ಕೆ ಎರಡನೇ ಹಾರನ್ ಹಾಕಿ ಕೊಟ್ಟಿದ್ದೆ. ಹಾರನ್ನಿನ ಒಂದು ತುದಿಗೆ ಪ್ಲಸ್, ಇನ್ನೊಂದು ತುದಿ ಗಾಡಿಯ ಕಪ್ಪು ವೈರಿಗೆ. ಬಾರಿಸಿದರೆ ಕೇರಿಯೆಲ್ಲ ಎದ್ದು ಬಂದಿತ್ತು. ಅದೇ ಧೈರ್ಯದ ಮೇಲೆ ಅಪ್ಪನ ಸ್ಪ್ಲೆಂಡರಿಗೂ ಕೈ ಹಾಕಿದೆ. ಅದೇ ಹಾರನ್, ಅದೇ ಕಪ್ಪು ವೈರು. ಒತ್ತಿದರೆ ಗಪ್‌ಚುಪ್.

ಯಮಹಾದಲ್ಲಿ ಕಪ್ಪು ಎಂದರೆ ಅರ್ಥು. ಕೀ ಹಾಕಿದಾಗ ಕರೆಂಟು ಬರುವುದು ಕಂದು ವೈರಿನಲ್ಲಿ. ಸ್ಪ್ಲೆಂಡರಿನ ಹಾಗೆ ಹೋಂಡಾದಿಂದ ಬಂದ ಗಾಡಿಗಳಲ್ಲಿ ಅರ್ಥು ಹಸಿರು. ಕಪ್ಪಿನಲ್ಲಿ ಕೀ ತಿರುಗಿಸಿದೊಡನೆ ಪ್ಲಸ್ ಬರುತ್ತದೆ. ಮನೆಯ ವೈರಿಂಗಿನಲ್ಲಿ ಕಪ್ಪು ನ್ಯೂಟ್ರಲ್ ಎಂದು ಕಲಿತ ತಲೆಗೆ ಇದೆಲ್ಲಿ ಹೊಳೆಯಬೇಕು? ಹಾರನ್ನಿನ ಎರಡೂ ತುದಿಗೆ ಪ್ಲಸ್ಸನ್ನೇ ಕೊಟ್ಟು ಒತ್ತುತ್ತಿದ್ದೆ. ಎರಡೂ ಕಡೆ ಸಮನಾದ ನೀರಿದ್ದರೆ ಹರಿಯುವುದೆಲ್ಲಿಗೆ?

ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ಅರ್ಥ್ ಸರಿ ಇಲ್ಲ, ಗಟ್ಟಿ ಮಾಡೋಣ ಎಂದು ಕಪ್ಪು ವೈರಿನಿಂದ ಒಂದು ತುಂಡು ತಂದು ಚಾಸಿಗೆ ಬಿಗಿದೆ. ಕೀ ತಿರುಗಿಸಿದೆ, ಫ್ಯೂಸು ಹೋಯಿತು. ಬೇರೆ ಹಾಕಿದೆ, ಅದೂ ಹೋಯಿತು. ಮೂರನೆಯದು ಮನೆಯಲ್ಲಿರಲಿಲ್ಲ, ಪೇಟೆ ದೂರ. ಆಗ ಆ ವಯಸ್ಸಿನ ಎಲ್ಲ ಬುದ್ಧಿವಂತರೂ ಮಾಡುವ ಕೆಲಸ ಮಾಡಿದೆ: ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ. ಫ್ಯೂಸಿಗೆ ಸುತ್ತಿ ಕೀ ತಿರುಗಿಸಿದೆ. ಟ್ಯಾಂಕಿನ ಅಡಿಯಿಂದ ಹೊಗೆ ಎದ್ದಿತು, ಆಮೇಲೆ ವಾಸನೆ. ಅಂಗಳದಲ್ಲಿ ಅಡಿಕೆ ಹರಗುತ್ತಿದ್ದ ಅಪ್ಪ ಬಂದು, ಏನೂ ಮಾತಾಡದೆ ಸೈಡ್ ಕವರ್ ಕಿತ್ತು ಬ್ಯಾಟರಿಯ ವೈರನ್ನು ಬರಿಗೈಯಲ್ಲಿ ಎಳೆದರು. ಇಡೀ ವೈರಿಂಗ್ ಕಿಟ್ಟು ಹೊಸದು ಹಾಕಿಸಬೇಕಾಯಿತು. ಅದಾಗಿ ಬಹಳ ದಿನ ಅವರು ಶಿರಸಿಗೆ ಬಸ್ಸಿನಲ್ಲೇ ಹೋದರು. ನನಗೆ ಬೈದದ್ದು ನೆನಪಿಲ್ಲ. ಬೈದಿದ್ದರೆ ಸುಲಭವಿತ್ತು.

ಈಗ ನನ್ನ ಗಾಡಿಗೆ ಫಾಗ್ ಲೈಟು ಬಿಟ್ಟರೆ ಒಂದು ಮೊಬೈಲ್ ಚಾರ್ಜರ್ ಇದೆ. ಅದನ್ನೂ ಮೊದಲು ನೇರ ಬ್ಯಾಟರಿಗೆ ಕೊಟ್ಟು ಕೆಟ್ಟಿದ್ದೆ. ಫೋನು ಸಿಕ್ಕಿಸದಿದ್ದರೂ ಅದರೊಳಗಿನ ಯುಎಸ್‌ಬಿ ಸರ್ಕ್ಯೂಟು, ಆ ನೀಲಿ ಮಿಣುಕು ದೀಪ ಎಲ್ಲ ಸೇರಿ 10 ಮಿಲಿಆಂಪಿಯರು ಕುಡಿಯುತ್ತದೆ ಎಂದುಕೊಳ್ಳಿ, ದಿನಕ್ಕೆ 0.24 ಆಂಪಿಯರ್ ಅವರ್. ಇಪ್ಪತ್ತು ದಿನ ಗಾಡಿ ತೆಗೆಯದಿದ್ದರೆ 8 ಆಂಪಿಯರ್ ಅವರಿನ ಬ್ಯಾಟರಿಯಲ್ಲಿ ಅರ್ಧಕ್ಕೂ ಹೆಚ್ಚು ಖಾಲಿ. ಈಗ ಅದೂ ಕೀ ತಿರುಗಿಸಿದರಷ್ಟೇ ಬರುವ ಹಾಗೆ ಬೇರೊಂದು ರಿಲೇ ಮೇಲಿದೆ. ಇನ್ನೇನನ್ನೂ ಹಾಕುವ ಉದ್ದೇಶವಿಲ್ಲ. ಒಂದೊಂದು ಸಾಮಾನಿಗೂ ನಾಲ್ಕಾರು ಜೋಡಣೆ, ಈ ಕಡಲ ದಂಡೆಯಲ್ಲಿ ಪ್ರತಿ ಜೋಡಣೆಯೂ ಒಂದು ಬಾಯಿ. ಮೇ ಕೊನೆಯಲ್ಲಿ ಒಂದು ದಿನ ಸೀಟು ತೆಗೆದು ಎಲ್ಲ ತುದಿಗೂ ವ್ಯಾಸಲೀನ್ ಹಚ್ಚುತ್ತೇನೆ. ಮನೆಗಳಲ್ಲಿ ಮಳೆಗಾಲಕ್ಕೆ ಕಟ್ಟಿಗೆ ಒಳಗೆ ಹಾಕುವ ಹೊತ್ತಿಗೇ ಇದೂ ಆಗಿಬಿಡುತ್ತದೆ.

ಅಪ್ಪನ ಸ್ಪ್ಲೆಂಡರ್ ಇನ್ನೂ ಇದೆ. ಅಪ್ಪ ಈಗ ಘಟ್ಟ ಇಳಿಯುವುದಿಲ್ಲ, ಸೊಸೈಟಿಯವರೆಗೆ ಮಾತ್ರ. ಕಳೆದ ಸಲ ಹೋದಾಗ ಅದರ ಹಾರನ್ ಬರುತ್ತಿಲ್ಲ ಎಂದರು. ಊಟ ಮುಗಿಸಿ, ಕೊಟ್ಟಿಗೆಯ ಮಾಡಿನ ಕೆಳಗೆ ಗಾಡಿ ನಿಲ್ಲಿಸಿಕೊಂಡು, ಸೈಡ್ ಕವರ್ ಬಿಚ್ಚಿದೆ. ಅಪ್ಪ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಟಾರ್ಚ್ ಬಿಡುತ್ತಿದ್ದರು. ಬೆಳಕು ಒಮ್ಮೆ ವೈರಿನ ಮೇಲೆ, ಒಮ್ಮೆ ನನ್ನ ಕಣ್ಣಿಗೆ. ಹಾರನ್ನಿನ ಸ್ಕ್ರೂ ಸಡಿಲಾಗಿದೆಯೋ ನೋಡೋಣ ಎಂದು ನಾನು ವೈರಿನ ಗೊಂಚಲಿಗೆ ಕೈ ಹಾಕಿದೆ. ಟಾರ್ಚಿನ ಬೆಳಕು ಒಂದೆಡೆ ಬಂದು ನಿಂತಿತು.

"ತಮಾ, ಕಪ್ಪು ಮುಟ್ಟಡ."